ಮಳೆ ನಿಂತ ಮೇಲಿನ ಒಂದು ರಿಂಗ್

ರಾಯದುರ್ಗದ ಸುತ್ತಿನ ಕುರಿಗಾಹಿಗಳಿಗೆ ಸಿಡಿಲಿನ ಮುನ್ಸೂಚನೆ ಕೊಡುವ ಸಂಘ ನಮ್ಮದು. ನಿವೃತ್ತ ಮೇಷ್ಟ್ರುಗಳು, ಅಂಗಡಿಯವರು, ನಾನು, ಎಲ್ಲರೂ ಬಿಡುವಿದ್ದಾಗ ಬಂದು ಬಿಟ್ಟಿ ದುಡಿಯುವವರೇ. ದಿನವೂ ಬರುತ್ತಿದ್ದವಳು ಗುತ್ತಿಗೆಯ ಮೇಲಿದ್ದ ಎಂಜಿನಿಯರ್ ಒಬ್ಬಳೇ. ಮಡಕಶಿರದ ಕಡೆಯವಳು, ಬಾಯಿ ಜೋರು. ಮೋಡ ಕಟ್ಟಿದರೆ ಕುರಿಗಾಹಿಗಳ ಫೋನಿಗೂ ನಮ್ಮೆಲ್ಲರ ಫೋನಿಗೂ ತಾನಾಗಿ ಕರೆ ಬರುತ್ತಿತ್ತು. ಈ ಕಡೆಯ ಮಾತು ಕಲಿತು ಅವಳೇ ಅದಕ್ಕೆ ದನಿ ಕೊಟ್ಟಿದ್ದಳು.

ಗುತ್ತಿಗೆ ಮುಗಿದಾಗ ಇನ್ನು ನಾವೇ ನೋಡಿಕೊಳ್ಳೋಣವೆಂದು ಸಭೆ ತೀರ್ಮಾನಿಸಿತು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂದು ನಾನು ಗೊಣಗಿದ್ದು ಯಾರಿಗೂ ಕೇಳಿಸಲಿಲ್ಲ. ಹೋಗುವ ದಿನ ಅವಳು ಆಫೀಸಿನ ಹಳೆಯ ಫೋನನ್ನು ಮೇಜಿನ ಮೇಲಿಟ್ಟು, “ಮಳೆ ನಿಂತ್ಮೇಲೆ ಇದನ್ನ ನೋಡ್ಬೇಕು ಸಾರ್, ಯಾಕಂದ್ರೆ...” ಎಂದಳು. ಅಷ್ಟರಲ್ಲಿ ಶಾಲು ಹೊದಿಸಿದರು, ಫೋಟೋ ತೆಗೆದರು. ಮಾತು ಅಲ್ಲಿಗೇ ನಿಂತಿತು. ಫೋನು ಚಾರ್ಜರ್‌ಗೆ ಸಿಕ್ಕಿಸಿದಂತೆಯೇ ಮೇಜಿನ ಖಾನೆ ಸೇರಿತು.

ಆಮೇಲೆ ಕೆಲವು ಮಳೆಗಳು ಬಂದು ಹೋದವು. ಆಗೆಲ್ಲ ಆಫೀಸಿಗೆ ಬೀಗ.

ಒಂದು ಮಧ್ಯಾಹ್ನ ನಾನೊಬ್ಬನೇ ಇದ್ದಾಗ ಕತ್ತಲೆ ಕವಿದು ಕರೆಂಟು ಹೋಯಿತು. ನನ್ನ ಫೋನಿಗೆ ಕರೆ ಬಂತು. “ಸಿಡಿಲು ಬರ್ತೈತ್ರಿ. ಗಿಡದ ಕೆಳಗ ನಿಂದರಬ್ಯಾಡ್ರಿ.” ಊರು ಬಿಟ್ಟವಳು ಬೆನ್ನ ಹಿಂದೆಯೇ ನಿಂತು ಹೇಳಿದಂತಿತ್ತು. ಮಳೆ ನಿಂತದ್ದೇ ತಡ, ಖಾನೆಯೊಳಗೆ ಏನೋ ಗುಂಯ್ ಎಂದು ನಿಂತಿತು. ಮತ್ತೆ ಗುಂಯ್ ಎಂದಿತು, ನಿಂತಿತು. ಖಾನೆ ಎಳೆದು, ಮುಂದಿನ ಕರೆ ಕಟ್ಟಾಗುವ ಮೊದಲೇ ಎತ್ತಿದೆ.

“ನೀವ್ಯಾರ್ರಿ? ಅಕ್ಕಾರು ಎಲ್ಲಿ?” ಬೆಳುಗುಪ್ಪ ಕಡೆಯ ಮುದುಕ ಕುರಿಗಾಹಿ.

“ಅವರು ಕೆಲಸ ಬಿಟ್ಟು ಬಾಳ ದಿನ ಆತು.”

“ಸುಳ್ಳ್ಯಾಕ ಹೇಳ್ತೀರಿ? ಈಗರ ಮಾತಾಡಿದ್ರಲ್ರಿ!”

ಅದು ರೆಕಾರ್ಡಿಂಗ್ ಎಂದೆ.

“ಮಳಿ ನಿಂತ ಮ್ಯಾಲ ಒಂದು ರಿಂಗ್ ಕೊಟ್ರ ಬದುಕೀವಿ ಅಂತ್ರಿ. ಬರದಿದ್ರ ಅಕ್ಕಾರು ಮಂದೀನ ಹುಡುಕಾಕ ಕಳಸ್ತಿದ್ರು. ಹಂಗಾರ ಇಷ್ಟು ದಿನ ನಾವು ಯಾರಿಗ್ರಿ ಹೇಳಿದ್ದು, ಬದುಕೀವಿ ಅಂತ?”

ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಅವಳಿಗೆ ಫೋನ್ ಮಾಡಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. “ಇವತ್ತು ಯಾರ್ಯಾರ್ದು ರಿಂಗ್ ಬಂದೈತೆ, ಓದಿ ಸಾರ್” ಎಂದಳು. ಫೋನಿನಲ್ಲಿ ಕುರಿಗಾಹಿಗಳ ಹೆಸರನ್ನು ಅವಳು ಬರೆದಿಟ್ಟಿದ್ದೇ ಬೇರೆ ಥರ. ಕರಿ ಕಂಬಳಿ, ಕೆಂಪು ರುಮಾಲು, ಕೆಮ್ಮಿನ ತಾತ ಎಂದು ಒಂದೊಂದಾಗಿ ಓದಿದೆ.

“ಕುಂಟ ನಾಯಿಯೋನು? ಯಾವಾಗ್ಲೂ ಅವನ್ದೇ ಫಸ್ಟು.”

ಅವನದು ಇರಲಿಲ್ಲ. ಬೆರಳಿನಿಂದ ಸರಿಸುತ್ತಾ ಹಿಂದಿನ ಮಳೆಯ ದಿನಕ್ಕೆ ಹೋದೆ.

ಅವತ್ತೂ ಇರಲಿಲ್ಲ.