ಮೊದಲು ಓಡಿಬಂದವಳು

ನಮ್ಮ ಚಿಕ್ಕಮ್ಮನ ಕೆಲಸ ಜೀವಕೋಶಗಳಿಗೆ ಗಾಯ ಮಾಡುವುದು. ಸಂಶೋಧನಾಲಯದ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು, ಕೋಶದೊಳಗಿನ ಡಿಎನ್ಎ ಮೇಲೆ ಲೇಸರಿನಿಂದ ಗೆರೆ ಎಳೆಯುತ್ತಾಳೆ. ಅದನ್ನು ರಿಪೇರಿ ಮಾಡಲು ಯಾವ ಪ್ರೋಟೀನು ಯಾವಾಗ ಓಡಿಬರುತ್ತದೆ ಎಂದು ನೋಡುತ್ತಾಳೆ. ಗುರುತು ಸಿಗಲೆಂದು ಒಂದೊಂದಕ್ಕೆ ಒಂದೊಂದು ಹೊಳೆಯುವ ಬಣ್ಣ. ಮದುವೆಯ ಗೋಜಿಗೆ ಹೋಗದೆ, ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ರಾಣಿಯ ಹಾಗೆ ಇದ್ದವಳು.

ಬಚ್ಚಲಲ್ಲಿ ಜಾರಿ ಅವಳ ಬಲಗೈ ಮಣಿಕಟ್ಟು ಮುರಿದಾಗ ಎದ್ದುಬಿದ್ದು ಓಡಿಬಂದವಳು ಅವಳ ಅಕ್ಕ, ಅಂದರೆ ನಮ್ಮಮ್ಮ. ಯಾರ ಮನೆಯಲ್ಲಿ ಏನಾದರೂ ಅಮ್ಮನೇ ಮೊದಲು. ಬಂದವಳೇ ಡಾಕ್ಟರಿಗೆ, ನನಗೆ, ಪಕ್ಕದ ಮನೆಯವರಿಗೆ ಫೋನು ಮಾಡಿ ಎಲ್ಲರನ್ನೂ ಸೇರಿಸಿದಳು. ಅಲ್ಲಿಗೆ ಸರಿ. ಪ್ಲಾಸ್ಟರ್ ತೆಗೆದ ಮೇಲೂ ಜಪ್ಪಯ್ಯ ಅಂದರೂ ಕದಲಲಿಲ್ಲ. ತಂಗಿಗೆ ಲೋಟ ಎತ್ತಲು ಬಿಡಳು, ಗುಂಡಿ ಹಾಕಿಕೊಳ್ಳಲು ಬಿಡಳು. ಕೈಗೆ ಕೆಲಸ ಕೊಡದಿದ್ದರೆ ಬೆರಳು ಬಿಗಿದುಹೋಗುತ್ತವೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮೈಕ್ರೋಸ್ಕೋಪಿನ ಸಣ್ಣ ತಿರುಪು ಆಗಲೇ ಚಿಕ್ಕಮ್ಮನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಆ ಕೆಲಸ ಹೋದರೆ ಅವಳ ಪಾಲಿಗೆ ಎಲ್ಲಾ ಹೋದಂತೆ. ಆದರೂ ಅಕ್ಕನ ಮುಂದೆ ಬಾಯಿ ಸತ್ತವಳು. "ಹೇಳಿದ್ರೆ ನೊಂದ್ಕೋತಾಳೆ ಕಣೇ" ಎಂದು ನನ್ನ ಹತ್ತಿರ ಗೊಣಗುವುದಷ್ಟೇ.

ಕೊನೆಗೆ ಅಮ್ಮ ಲ್ಯಾಬಿಗೂ ಬೆನ್ನು ಹತ್ತಿದಳು. ತಮಾಷೆ ನೋಡಲು ನಾನೂ ಹೋದೆ. ಚಿಕ್ಕಮ್ಮ ಎಡಗೈಯಲ್ಲೇ ಹೇಗೋ ಹೊಂದಿಸಿ ಲೇಸರ್ ಬಿಟ್ಟಳು. ನೋಡನೋಡುತ್ತಿದ್ದಂತೆ ಪರದೆಯ ಮೇಲೆ ಹಸಿರು ಗೆರೆ ಹೊಳೆಯಿತು.

"ಯಾರೇ ಇದು, ಇಷ್ಟು ಬೇಗ ಬಂದಿದ್ದು?" ಅಮ್ಮ ಕೇಳಿದಳು.

"ಮೊದಲನೇ ಪ್ರೋಟೀನು ಅಕ್ಕ. ಗಾಯ ಕಂಡ ತಕ್ಷಣ ಬಂದು ಮಿಕ್ಕವರನ್ನ ಕರೆಯುತ್ತೆ."

"ಥೇಟ್ ನನ್ನ ಹಾಗೆ!" ಅಮ್ಮ ಹಿಗ್ಗಿಹೋದಳು. ಅಷ್ಟರಲ್ಲಿ ಕೆಂಪು ಗೆರೆ ಮೂಡಿತು, ಸ್ವಲ್ಪ ಹೊತ್ತಿಗೆ ಹಸಿರು ಮಂಕಾಗತೊಡಗಿತು. "ಅಯ್ಯೋ, ಇವಳೆಲ್ಲಿಗೆ ಹೋದ್ಲು?"

"ಹೋಗ್ಲೇಬೇಕಕ್ಕ. ಅಲ್ಲೇ ಅಂಟ್ಕೊಂಡು ಕೂತ್ರೆ ಬೇರೆಯವರಿಗೆ ಜಾಗ ಸಿಗಲ್ಲ. ರಿಪೇರಿನೇ ನಿಂತ್ಹೋಗುತ್ತೆ."

ಕೆಲಸದ ಗುಂಗಿನಲ್ಲಿ ಆಡಿದ ಮಾತು. ಆಡಿದ ಮೇಲೆ ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಅಮ್ಮ ಪರದೆಯನ್ನೇ ನೋಡುತ್ತ ಕೂತಳು.

"ಹೋಗಕ್ಕ ಅನ್ನೋಕೆ ಇಷ್ಟು ದೊಡ್ಡ ಯಂತ್ರ ಬೇಕಾಯ್ತೇನೇ ನಿಂಗೆ?" ಅಮ್ಮ ಕೇಳಿದಳು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಮ್ಮ ಕಣ್ಣೊರೆಸಿಕೊಂಡಿದ್ದು ನಗುವೊಂದಕ್ಕೇ ಅಲ್ಲ, ನನಗೆ ಗೊತ್ತು.

ಮರುದಿನ ಅಮ್ಮ ಬಸ್ಸು ಹತ್ತಿದಳು. ಕಿಟಕಿಯಿಂದ ನೂರೆಂಟು ಸೂಚನೆ ಕೊಟ್ಟಳೇ ಹೊರತು ಇಳಿಯಲಿಲ್ಲ. ಚಿಕ್ಕಮ್ಮ ಬಲಗೈ ಎತ್ತಿ ಬೀಸಿದಳು. ನೋಯುತ್ತಿತ್ತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇಳಿಸಲಿಲ್ಲ.