ಸೌರ ಬಿರುಗಾಳಿಗೆ ದರ್ಭೆ

ನಾರ್ವೆಯಲ್ಲಿ ಧ್ರುವಪ್ರಭೆ ನೋಡಿದಾಗ ನನ್ನ ಗಂಡ ಹಿಮದಲ್ಲಿ ಚಿಕ್ಕ ಮಕ್ಕಳಂತೆ ಕುಣಿದಿದ್ದರು. ಆಕಾಶದ ತುಂಬ ಹಸಿರು ಸೆರಗು ಹಾರುತ್ತಿದ್ದರೆ ಯಾರಾದರೂ ಕುಣಿದಾರು. ಆದರೆ ದೋಹಾಕ್ಕೆ ಮರಳಿದ ಮೇಲೆ, ಅದು ಹೇಗೆ ಉಂಟಾಗುತ್ತದೆ ಎಂದು ಓದಲು ಕೂತರು ನೋಡಿ, ಅಲ್ಲಿಗೆ ನನ್ನ ನೆಮ್ಮದಿ ಖಲಾಸ್.

ಕೆಲವೇ ವಾರಗಳ ನಂತರ, ಆ ಪ್ರಭೆಗೆ ಕಾರಣವಾಗುವ ಸೌರ ಬಿರುಗಾಳಿ ಅಂದು ರಾತ್ರಿ ದೊಡ್ಡದಾಗಿಯೇ ಭೂಮಿಗೆ ಬಡಿಯಲಿದೆಯೆಂಬ ಸುದ್ದಿ ಬಂತು. ಗ್ಯಾಸ್ ಕಂಪನಿಯ ಈ ಎಂಜಿನಿಯರ್ ಸಾಹೇಬರು ನಮ್ಮ ಅಲ್ ಸದ್ದ್ ಫ್ಲ್ಯಾಟಿನ ಬಕೆಟ್‌ಗಳಿಗೆಲ್ಲ ನೀರು ತುಂಬಿದರು. ಹತ್ತು ವರ್ಷದಿಂದ ಓಡಾಡುತ್ತಿರುವ ಆಫೀಸಿನ ದಾರಿಯನ್ನು, ಫೋನಿನ ಮ್ಯಾಪ್ ಕೈಕೊಟ್ಟರೆ ಇರಲಿ ಎಂದು, ಕಾಗದದ ಮೇಲೆ ಬರೆದುಕೊಂಡರು.

ಧಾರವಾಡದಿಂದ ಬಂದಿದ್ದ ಅತ್ತೆ ಎಲ್ಲವನ್ನೂ ನೋಡಿ, "ಅಂದ್ರ ಇದು ಗ್ರಹಣ ಇದ್ದಂಗ ಏನು?" ಎಂದು ಮಗನನ್ನು ಕೇಳಿದರು.

"ಅವ್ವಾ, ಇದು ಸೈನ್ಸ್. ಸ್ಯಾಟಲೈಟ್ ಕೆಡ್ತಾವ, ಕರೆಂಟ್ ಹೋಗ್ತದ."

ಅತ್ತೆ ಸೂಟ್‌ಕೇಸಿನಿಂದ ದರ್ಭೆ ತೆಗೆದು, ಗ್ರಹಣದ ದಿನ ಮಾಡುವಂತೆಯೇ ಮೊಸರು, ಉಪ್ಪಿನಕಾಯಿ, ದೋಸೆಹಿಟ್ಟಿನ ಮೇಲೆ ಒಂದೊಂದು ಎಳೆ ಇಟ್ಟರು. ಅದನ್ನು ಕಂಡು ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಫೋನೂ ಇತ್ತು, ಎಸಿಯೂ ಇತ್ತು, ಎಂದಿನ ಸುಡುಬಿಸಿಲೂ ಇತ್ತು. ಧೂಳು ಒರೆಸುವಾಗ ವೈಫೈ ಡಬ್ಬಿಯ ಮೇಲೆ ದರ್ಭೆಯ ಎಳೆಯೊಂದು ಕಂಡಿತು. ಇದನ್ನೂ ಬಿಟ್ಟಿಲ್ಲವಲ್ಲ ಎಂದು ಅತ್ತೆಗೆ ತೋರಿಸಿದೆ.

"ನಾ ಯಾಕ ಅಲ್ಲಿ ಇಡ್ಲಿ? ಅದೇನು ಮೊಸರಿನಂಗ ಹುಳಿ ಬರ್ತದೇನು?"

ಸೋಫಾದ ಮೇಲಿದ್ದ ಎಂಜಿನಿಯರ್ ಸಾಹೇಬರಿಗೆ ಆಗಲೇ ಬಕೆಟ್ ನೀರು ಖಾಲಿ ಮಾಡುವ ತುರ್ತು ಹುಟ್ಟಿತು.