ಸರ್ವರಿನಲ್ಲಿ ನಾನು ಬದಲಿಸಿದ ಒಂದು ಪದ

ಸರ್ವರಿನ ಸೆಟ್ಟಿಂಗ್ ಫೈಲಿನ ಒಂದು ಸಾಲಿನ ಕೊನೆಯಲ್ಲಿ ‘ಇನ್ಫೋ’ ಎಂದಿತ್ತು. ನಾನು ಅದನ್ನು ಅಳಿಸಿ ‘ಎರರ್’ ಎಂದು ಬರೆದೆ. ಯಾರಿಗೂ ಹೇಳಲಿಲ್ಲ.

ಸರ್ವರು ತಾನು ಮಾಡಿದ್ದನ್ನೆಲ್ಲ ಲಾಗಿನಲ್ಲಿ ಬರೆದಿಡುತ್ತದೆ. ಆ ಒಂದು ಪದ ಬದಲಾದರೆ ತಪ್ಪುಗಳನ್ನು ಮಾತ್ರ ಬರೆಯುತ್ತದೆ; ಯಾರು ಬಂದರು, ಏನು ಅಳಿಸಿದರು ಎಂಬುದು ಉಳಿಯುವುದಿಲ್ಲ. ಲಾಗಿನಿಂದಲೇ ಡಿಸ್ಕು ತುಂಬುತ್ತಿತ್ತು, ಅದಕ್ಕೇ ಬದಲಿಸಿದ್ದು. ಇಂಥ ಬದಲಾವಣೆಯನ್ನು ಇನ್ನೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬುದು ನಮ್ಮ ತಂಡದ ನಿಯಮ. ಆದರೆ ಅದು ಶುಕ್ರವಾರದ ಸಂಜೆ, ಸ್ಯಾನ್ ರಮೋನ್ ಆಫೀಸಿನ ಪಾರ್ಕಿಂಗಿನಲ್ಲಿ ವೈಶಾಲಿ ಅಕ್ಕ ಕಾಯುತ್ತಿದ್ದರು. ಧಾರವಾಡದವರು, ಅದೇ ತಂಡದವರು. ದಿನವೂ ತಮ್ಮ ಕಾರಿನಲ್ಲೇ ನನ್ನನ್ನು ನಾವಿಬ್ಬರೂ ಇದ್ದ ಪಕ್ಕದೂರು ಡಬ್ಲಿನ್‌ಗೆ ಕರೆದೊಯ್ಯುತ್ತಿದ್ದರು.

“ಬರ್ತಿಯೋ ಇಲ್ಲೋ ನಮ್ಮವ್ವಾ? ಫ್ರೀವೇ ತುಂಬಿತಂದ್ರ ಡೇಕೇರ್‌ನವ್ರು ಮಗಳನ್ನ ಬಿಟ್ಟು ನನ್ನ ಕೂಡಿ ಹಾಕ್ತಾರ” ಎಂದರು ಫೋನಿನಲ್ಲಿ.

ಸರ್ವರಿನಲ್ಲೇ ನೇರವಾಗಿ ತಿದ್ದಿ ಇಳಿದೆ. ಸೋಮವಾರ ಸರಿಪಡಿಸೋಣವೆಂದುಕೊಂಡೆ — ಮರೆತೆ.

ಮುಂದಿನ ವಾರವೇ ಆ ಸರ್ವರಿನಲ್ಲಿದ್ದ ಒಂದು ಕ್ಲಿನಿಕ್ಕಿನ ರೋಗಿಗಳ ವಿವರಗಳು ಅಳಿಸಿಹೋದವು. ಪಾಳಿಯ ಪಟ್ಟಿಯ ಪ್ರಕಾರ ಅದರಲ್ಲಿ ಕೊನೆಗೆ ಕೆಲಸ ಮಾಡಿದವರು ವೈಶಾಲಿ ಅಕ್ಕ. ಮೀಟಿಂಗಿನಲ್ಲಿ ಅವರು ಗಾಬರಿಯಾಗಲಿಲ್ಲ. ತಾವು ಆ ವಿವರಗಳನ್ನು ಮುಟ್ಟಿಲ್ಲ ಎಂದು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿ, “ಲಾಗ್ ತಗದು ತೋರಸು, ಅದ್ರಾಗ ಎಲ್ಲಾ ಇರ್ತದ” ಎಂದರು.

ಲಾಗುಗಳ ಹೊಣೆ ನನ್ನದು. “ಲಾಗಿನಲ್ಲಿ ಏನೂ ಇಲ್ಲ” ಎಂದೆ.

ಅದು ಸುಳ್ಳಲ್ಲ. ಏಕೆ ಇಲ್ಲ ಎಂಬುದನ್ನು ನಾನು ಹೇಳಲಿಲ್ಲ, ಅಷ್ಟೇ — ಅಷ್ಟೇ ಎನ್ನಲು ಈಗ ಬಾಯಿ ಬರುವುದಿಲ್ಲ. ಮೀಟಿಂಗು ಮುಗಿದ ಮೇಲೆ ನನ್ನ ಮೇಜಿಗೆ ಬಂದು ಹಳೆಯ ಪದವನ್ನು ಮತ್ತೆ ಹಾಕಿದೆ. ವೈಶಾಲಿ ಅಕ್ಕನನ್ನು ಸರ್ವರಿನ ಕೆಲಸದಿಂದ ತೆಗೆದರು. ಕೆಲವು ತಿಂಗಳಲ್ಲಿ ಅವರೇ ಕಂಪನಿ ಬಿಟ್ಟರು. ನಿಜವಾಗಿ ಅಳಿಸಿದ್ದು ಯಾರು — ನನಗೆ ಇಂದಿಗೂ ಗೊತ್ತಿಲ್ಲ. ಅದು ತಿಳಿಯುವ ದಾರಿಯನ್ನು ಮುಚ್ಚಿದವಳು ನಾನೇ.

ಮೂರು ವರ್ಷಗಳ ನಂತರ, ಕಳೆದ ಭಾನುವಾರ, ಮಿಲ್ಪಿಟಾಸಿನ ಗ್ರೋಸರಿಯಲ್ಲಿ ವೈಶಾಲಿ ಅಕ್ಕ ಕರಿಬೇವು ಆರಿಸುತ್ತ ಸಿಕ್ಕರು. ಈಗ ಯಾವುದೋ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಾರಂತೆ. ಸರ್ವರಿನ ಕೆಲಸಕ್ಕೆ ಏಕೆ ಮರಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು, ಅಥವಾ ಎಂದೋ ಕೇಳಬೇಕಿತ್ತು.

“ಧೈರ್ಯ ಆಗಂಗಿಲ್ಲವಾ” ಎಂದು ನಕ್ಕರು. “ಒಮ್ಮೊಮ್ಮೆ ನಾನ ಅಳಿಸಿದ್ನೇನೋ ಅನಸ್ತದ. ನೀ ನೋಡಿದ್ಯಲ್ಲ, ಲಾಗಿನ್ಯಾಗ ಬ್ಯಾರೆ ಯಾರೂ ಇರಲಿಲ್ಲ.”

ತಮ್ಮ ಕೈಯನ್ನೇ ನಂಬದ ಹಾಗೆ ಅವರನ್ನು ಮಾಡಿದ್ದೆ. ಅವರು ಇನ್ನೂ ನನ್ನ ಮಾತನ್ನು ನಂಬಿಕೊಂಡಿದ್ದರು. ನಾನು ಕೊತ್ತಂಬರಿ ಕಟ್ಟನ್ನು ಬುಟ್ಟಿಗೆ ಹಾಕಿ, ಈಗ ಮನೆ ಎಲ್ಲಿ ಎಂದು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ಮ್ಯಾನೇಜರಿಗೆ ಬರೆದೆ: ಯಾವ ಪದ ಬದಲಿಸಿದೆ, ಯಾವಾಗ ಹಿಂದಕ್ಕೆ ಹಾಕಿದೆ, ಮೀಟಿಂಗಿನಲ್ಲಿ ಏನನ್ನು ಹೇಳಲಿಲ್ಲ. ಕಳುಹಿಸಿದ ಮೇಲೆ ವೈಶಾಲಿ ಅಕ್ಕನ ಮನೆಗೆ ಹೋಗಿ ಬಾಗಿಲು ತಟ್ಟಿದೆ.

“ಏನವಾ, ಇಷ್ಟು ಲಗೂನ? ಒಳಗ ಬಾ, ಚಾ ಇಟ್ಟೀನಿ” ಎಂದರು.

ಒಳಗೆ ಹೋಗಲಿಲ್ಲ. ಲಾಗಿನಲ್ಲಿ ಏನೂ ಉಳಿಯದ ಹಾಗೆ ಮಾಡಿದ್ದು ನಾನೇ ಎಂದು ಬಾಗಿಲಲ್ಲೇ ನಿಂತು ಹೇಳಿದೆ.